ಚಲನ್ ಹಾಕುವವರು, ಮಸ್ಟರ್ ಓದುವವರು: ಬೆಳಗಾವಿಯ ಪಿಎಫ್-ಇಎಸ್‌ಐ ಸೇವೆಗಳ ವಿಮರ್ಶೆ

ಬೆಳಗಾವಿಯಲ್ಲಿ ‘ಪಿಎಫ್, ಇಎಸ್‌ಐ, ಲೇಬರ್ ಲೈಸೆನ್ಸ್ ಮಾಡಿಕೊಡಲಾಗುವುದು’ ಎಂಬ ಬೋರ್ಡಿಗೇನೂ ಬರ ಇಲ್ಲ. ಉದ್ಯಮಬಾಗದ ಫೌಂಡ್ರಿಗಳಿಗೆ ಆಳು ಕೊಡುವ ಗುತ್ತೇದಾರರಿಂದ ಹಿಡಿದು ಸರಕಾರಿ ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಡಾಟಾ ಎಂಟ್ರಿ ಸಿಬ್ಬಂದಿ ಒದಗಿಸುವ ಏಜೆನ್ಸಿಗಳ ತನಕ ಎಲ್ಲರ ಫೈಲೂ ಯಾರೋ ಒಬ್ಬ ಕನ್ಸಲ್ಟಂಟರ ಕಪಾಟಿನಲ್ಲಿ ಇರುತ್ತದೆ. ತಿಂಗಳಿಗೆ ಇಷ್ಟು ಅಂತ ಫೀ. 15ನೇ ತಾರೀಖಿನ ಆಸುಪಾಸು ವಾಟ್ಸಾಪಿಗೆ ಎರಡು ಪಿಡಿಎಫ್ ಬರುತ್ತವೆ, ಒಂದು ಪಿಎಫ್ (ಭವಿಷ್ಯ ನಿಧಿ) ಚಲನ್, ಇನ್ನೊಂದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚಲನ್. ಜೊತೆಗೆ ಒಂದು ಮಾತು: ‘ಈ ತಿಂಗಳದ್ದು ಮುಗೀತ್ರಿ.’

ಮುಗಿದಿರುವುದಿಲ್ಲ. ಈ ಬರಹದಲ್ಲಿ ಯಾವ ಕಚೇರಿಯ ಹೆಸರೂ ಇಲ್ಲ, ತೂಗಿ ನೋಡಿದ್ದು ಸೇವೆಯ ಬಗೆಯನ್ನು. ಊರಿನಲ್ಲಿ ಸಿಗುವ ಸೇವೆಯನ್ನು ಮೂರು ಬಗೆ ಎನ್ನಬಹುದು. ಮೊದಲನೆಯದು ಬರೀ ಚಲನ್ ಸೇವೆ, ತಲೆಗೆ ಇಷ್ಟು ಅಂತ ದರ. ಎರಡನೆಯದು ಟೆಂಡರ್ ಸೇವೆ. ರಾಜ್ಯ ಸರಕಾರದ ಟೆಂಡರ್ ಪೋರ್ಟಲ್ ಕೆಪಿಪಿಪಿಗೆ ಏರಿಸಬೇಕಾದ ನೋಂದಣಿ ಪತ್ರ, ಹಿಂದಿನ ತಿಂಗಳುಗಳ ಚಲನ್, ದರಪಟ್ಟಿ ಎಲ್ಲ ಜೋಡಿಸಿಕೊಡುವುದು. ಮೂರನೆಯದು ಹಾಜರಿ ಪುಸ್ತಕದಿಂದ ಶುರುವಾಗಿ ಕೆಲಸಗಾರ ಬಿಟ್ಟು ಹೋಗುವ ದಿನದ ಹಿಸಾಬಿನವರೆಗೆ ನೋಡಿಕೊಳ್ಳುವ ಸೇವೆ. ಮೊದಲೆರಡು ಬಗೆ ಕೈಗೆಟಕುವ ದರದಲ್ಲಿ ಎಲ್ಲೆಡೆ ಸಿಗುತ್ತವೆ. ಮೂರನೆಯದು ಕಡಿಮೆ, ದುಬಾರಿಯೂ ಹೌದು. ಆದರೆ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತ ಮೇಲೆ ರೊಕ್ಕ ಕೊಟ್ಟು ಕೊಳ್ಳಬೇಕಾದದ್ದು ಮೂರನೆಯದನ್ನೇ. ಚಲನ್ ತಪ್ಪುವುದು ಅಪರೂಪ, ಪೋರ್ಟಲ್ ಬಿಡುವುದಿಲ್ಲ. ತಪ್ಪುವುದು ಚಲನ್‌ಗಿಂತ ಮುಂಚೆ, ಮಸ್ಟರ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ.

ಮಸ್ಟರ್ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಇಎಸ್‌ಐ ರಿಟರ್ನ್‌ನಲ್ಲಿ ತುಂಬುವ ದಿನಗಳ ಸಂಖ್ಯೆಯನ್ನೇ ನೋಡಿ. ತಿಂಗಳಿಡೀ ದುಡಿಯುವ ಸಫಾಯಿ ಕೆಲಸದ ಹೆಣ್ಣುಮಗಳಿಗೆ 8,000 ರೂಪಾಯಿ ಪಗಾರ ಕೊಡುತ್ತಿದ್ದಾರೆ ಎಂದುಕೊಳ್ಳಿ. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 308, ಕನಿಷ್ಠ ವೇತನದ ದಿನಗೂಲಿ ಇದಕ್ಕಿಂತ ಬಹಳ ಹೆಚ್ಚು. ಆಗ ಚಲನ್ ಸೇವೆಯವರು ಮಾಡುವ ‘ಹೊಂದಾಣಿಕೆ’ ಏನೆಂದರೆ, 26 ದಿನದ ಬದಲು 12 ದಿನ ಎಂದು ತುಂಬುವುದು. ದಿನಕ್ಕೆ ಸುಮಾರು 667 ಬಿತ್ತು, ಕಾಗದದ ಮೇಲೆ ಕಾಯ್ದೆ ಉಳಿಯಿತು. ಈಗ ಆರು ತಿಂಗಳ ಲೆಕ್ಕ ಹಾಕಿ: 12ರಂತೆ 72 ದಿನ. ಇಎಸ್‌ಐಯಲ್ಲಿ ಕಾಯಿಲೆ ಭತ್ಯೆ ಸಿಗಬೇಕಾದರೆ ಒಂದು ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು ಅವಧಿ, ಅದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಆರು ದಿನ ಕಡಿಮೆ ಬಿದ್ದದ್ದಕ್ಕೆ ಆ ಹೆಣ್ಣುಮಗಳು ಫೆಬ್ರುವರಿಯಲ್ಲಿ ಜ್ವರ ಹಿಡಿದು ಮಲಗಿದರೆ ಕೂಲಿಯ ಶೇ. 70ರಂತೆ ಬರಬೇಕಾದ ಭತ್ಯೆ ಬರುವುದಿಲ್ಲ. ಅಶೋಕನಗರದ ಇಎಸ್‌ಐ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಅವಳು ಬೈಯುವುದು ಆಸ್ಪತ್ರೆಯವರನ್ನು. ತಪ್ಪಿರುವುದು ಏಜೆನ್ಸಿಯ ಎಕ್ಸೆಲ್ ಹಾಳೆಯಲ್ಲಿ.

ಏಜೆನ್ಸಿಗೂ ಇದರಿಂದ ರಕ್ಷಣೆ ಇಲ್ಲ. ಹಾಜರಿಯ ಬಯೋಮೆಟ್ರಿಕ್ ಯಂತ್ರ ಇರುವುದು ಇಲಾಖೆಯ ಗೋಡೆಯ ಮೇಲೆ. ಅಲ್ಲಿ 26 ದಿನ, ಇಎಸ್‌ಐ ರಿಟರ್ನ್‌ನಲ್ಲಿ 12 ದಿನ. ಎರಡೂ ಕಾಗದ ಒಂದೇ ಮೇಜಿನ ಮೇಲೆ ಬಂದ ದಿನ ಉತ್ತರ ಕೊಡಲು ಚಲನ್ ಹಾಕಿದವರು ಬರುವುದಿಲ್ಲ, ಸಹಿ ಗುತ್ತೇದಾರನದು.

ಪಿಎಫ್ ಕಡೆಯಲ್ಲೂ ಇಂಥದೇ ಒಂದು ಕಾಲಂ ಇದೆ. ಪ್ರತಿ ತಿಂಗಳು ಪಿಎಫ್ ಪೋರ್ಟಲ್‌ಗೆ ಏರಿಸುವ ಇಸಿಆರ್ ಎಂಬ ಲೆಕ್ಕದ ಫೈಲಿನಲ್ಲಿ ಒಬ್ಬ ಕೆಲಸಗಾರನಿಗೆ 11 ಮಾಹಿತಿ ಹೋಗುತ್ತವೆ: ಯುಎಎನ್ (ಪಿಎಫ್ ಸದಸ್ಯನ ಖಾಯಂ ನಂಬರ್), ಹೆಸರು, ಒಟ್ಟು ಪಗಾರ, ಪಿಎಫ್ ಪಗಾರ, ಪಿಂಚಣಿ ಪಗಾರ, ವಿಮೆ ಪಗಾರ, ಕೆಲಸಗಾರನ ವಂತಿಗೆ, ಪಿಂಚಣಿ ವಂತಿಗೆ, ಇವೆರಡರ ವ್ಯತ್ಯಾಸ, ಎನ್‌ಸಿಪಿ ದಿನ, ಮುಂಗಡ ವಾಪಸಾತಿ. ಹತ್ತನೆಯ ಎನ್‌ಸಿಪಿ ಎಂದರೆ ಪಗಾರವಿಲ್ಲದ ದಿನಗಳು. ತರಾತುರಿಯಲ್ಲಿ ಕೆಲಸ ಮಾಡುವ ಕಚೇರಿಗಳು ಎಲ್ಲರಿಗೂ ಸೊನ್ನೆ ಹಾಕಿ ಬಿಡುತ್ತವೆ. ಪಗಾರ ಮಾತ್ರ ಅರ್ಧ, ದಿನ ಪೂರ್ತಿ. ಇದನ್ನು ನೋಡಿದ ಯಾವ ತಪಾಸಕನಿಗಾದರೂ ಮೊದಲು ಬರುವ ಪ್ರಶ್ನೆ ಒಂದೇ, ‘ಪೂರ್ತಿ ತಿಂಗಳಿಗೆ ಇಷ್ಟೇ ಕೊಟ್ಟಿರೇನು?’ ನಿಜವಾಗಿ ಆತ ಹನ್ನೆರಡು ದಿನ ಊರಿಗೆ ಹೋಗಿರುತ್ತಾನೆ, ಜಾತ್ರೆ ಇರುತ್ತದೆ, ಸುಗ್ಗಿ ಇರುತ್ತದೆ. ಬರೆದಿಟ್ಟಿದ್ದರೆ ಸುಮ್ಮನೆ ಮುಗಿಯುತ್ತಿದ್ದ ಮಾತು.

ಕನ್ಸಲ್ಟಂಟರನ್ನು ಒರೆಗೆ ಹಚ್ಚಲು ಒಂದು ಸುಲಭ ಪರೀಕ್ಷೆ: 58 ದಾಟಿದ ವಾಚ್‌ಮನ್ ಒಬ್ಬರ ಸಾಲನ್ನು ಹೇಗೆ ತುಂಬುತ್ತೀರಿ ಎಂದು ಕೇಳಿ. 14,200 ರೂಪಾಯಿ ಪಿಎಫ್ ಪಗಾರವಿರುವ ಸಾಮಾನ್ಯ ಕೆಲಸಗಾರನಿಗೆ ಅವನ ವಂತಿಗೆ ಶೇ. 12, ಅಂದರೆ 1,704. ಮಾಲೀಕರ 1,704ರಲ್ಲಿ ಪಿಂಚಣಿಗೆ ಶೇ. 8.33ರಂತೆ 1,183, ಉಳಿದ 521 ಪಿಎಫ್ ಖಾತೆಗೆ. 58 ತುಂಬಿದವರಿಗೆ ಪಿಂಚಣಿ ಪಗಾರ ಸೊನ್ನೆ, ಪಿಂಚಣಿ ವಂತಿಗೆ ಸೊನ್ನೆ, ಮಾಲೀಕರ 1,704 ಪೂರ್ತಿ ಪಿಎಫ್ ಖಾತೆಗೇ ಹೋಗಬೇಕು. ಸೆಕ್ಯುರಿಟಿ ಏಜೆನ್ಸಿಗಳಲ್ಲಿ ನಿವೃತ್ತರು, ಮಾಜಿ ಸೈನಿಕರು ಹೆಚ್ಚು, ಬೆಳಗಾವಿಯಲ್ಲಂತೂ ಕೇಳುವುದೇ ಬೇಡ. ಈ ಒಂದು ತಪ್ಪಿನಿಂದ ಅವರ ಅಂತಿಮ ಕ್ಲೇಮು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಉತ್ತರ ತಡವರಿಸಿದರೆ ಫೈಲು ವಾಪಸ್ ತೆಗೆದುಕೊಳ್ಳುವುದು ಲೇಸು.

ಹೆಸರಿನ ಗೋಜಲು ನಮ್ಮ ಗಡಿಭಾಗಕ್ಕೇ ವಿಶೇಷ. ಆಧಾರಿನಲ್ಲಿ ಅಡ್ಡಹೆಸರು ಮೊದಲು, ಬ್ಯಾಂಕ್ ಪುಸ್ತಕದಲ್ಲಿ ಕೊನೆಗೆ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಇನ್ನೊಂದು ಕಡೆ. ಅದೇ ಹೆಸರು ಮರಾಠಿಯಿಂದ ಇಂಗ್ಲಿಷಿಗೆ ಹೋದಾಗ ಒಂದು ಕಾಗುಣಿತ, ಕನ್ನಡದಿಂದ ಹೋದಾಗ ಮತ್ತೊಂದು. 2025ರ ಆಗಸ್ಟ್‌ನಿಂದ ಹೊಸ ಯುಎಎನ್ ಅನ್ನು ಸರಕಾರದ ಉಮಂಗ್ ಆ್ಯಪ್‌ನಲ್ಲಿ ಕೆಲಸಗಾರನ ಮುಖ ತೋರಿಸಿಯೇ ತೆಗೆಯಬೇಕಾಗಿರುವುದರಿಂದ ಯುಎಎನ್‌ನಲ್ಲಿ ಆಧಾರಿನ ಹೆಸರೇ ಕೂರುತ್ತದೆ, ಒಳ್ಳೆಯದೇ. ಆದರೆ ಕನ್ಸಲ್ಟಂಟರು ತಮ್ಮ ಕುರ್ಚಿಯಲ್ಲೇ ಕೂತು ಇದನ್ನು ಮಾಡಲಾರರು. ಒಳ್ಳೆಯ ಸೇವೆಯವರು ಕೆಲಸದ ಮೊದಲ ದಿನ ಗೇಟಿನ ಹತ್ತಿರ ಒಬ್ಬ ಹುಡುಗನನ್ನು ಫೋನ್ ಸಮೇತ ನಿಲ್ಲಿಸುತ್ತಾರೆ. ಉಳಿದವರು ‘ಆಳನ್ನ ನಮ್ಮ ಆಫೀಸಿಗೆ ಕಳಸ್ರಿ’ ಅನ್ನುತ್ತಾರೆ, ಆಳು ಬರುವುದಿಲ್ಲ, ತಿಂಗಳು ಕಳೆಯುತ್ತದೆ. ಇಎಸ್‌ಐ ನೋಂದಣಿಗೆ ಇರುವುದು ಹತ್ತು ದಿನದ ಗಡುವು. ಫೌಂಡ್ರಿಯಲ್ಲಿ ಫೆಟ್ಲಿಂಗ್ (ಎರಕದ ಅಂಚು ಉಜ್ಜುವ) ಕೆಲಸಕ್ಕೆ ನಿಂತ ಹುಡುಗನಿಗೆ ನಾಲ್ಕನೇ ದಿನ ಕಣ್ಣಿಗೆ ಕಿಡಿ ಹಾರಿದರೆ ಮಧ್ಯಾಹ್ನದ ಮೇಲೆ ಮಾಡಿಸಿದ ನೋಂದಣಿ ಯಾರ ಕಣ್ಣನ್ನೂ ತಪ್ಪಿಸುವುದಿಲ್ಲ. ವಿಮೆ ಮಾಡಿಸದ ಮಾಲೀಕರಿಂದ ಆ ಖರ್ಚು ವಸೂಲಿ ಮಾಡುವ ಅಧಿಕಾರ ಇಎಸ್‌ಐ ನಿಗಮಕ್ಕಿದೆ.

ಇನ್ನು ಟೆಂಡರ್ ಸೇವೆ. ಕಾಗದ ಜೋಡಿಸುವುದರಲ್ಲಿ ಊರಿನ ಕಚೇರಿಗಳು ಚುರುಕು, ಅದನ್ನು ಒಪ್ಪಬೇಕು. ಅವರು ಎಡವುವುದು ದರಪಟ್ಟಿಯಲ್ಲಿ. ಹೆಚ್ಚಿನವರ ಎಕ್ಸೆಲ್‌ನಲ್ಲಿ ಕೂಲಿ, ಪಿಎಫ್, ಇಎಸ್‌ಐ, ಸರ್ವಿಸ್ ಚಾರ್ಜ್, ಜಿಎಸ್‌ಟಿ ಇಷ್ಟೇ ಸಾಲು. ಪೂರ್ತಿ ಲೆಕ್ಕ ಹೇಗಿರಬೇಕು ಎಂದರೆ, ಅನುಕೂಲಕ್ಕೆ ತಿಂಗಳ ಕೂಲಿ 16,000 ಎಂದು ಇಟ್ಟುಕೊಳ್ಳೋಣ. ನಿಮ್ಮ ಹುದ್ದೆ ಮತ್ತು ವಲಯದ ಕನಿಷ್ಠ ವೇತನ ಎಷ್ಟೋ ಅದನ್ನು ಹಾಕಿಕೊಳ್ಳಿ. ಪಿಎಫ್‌ಗೆ ಲೆಕ್ಕ ಹಿಡಿಯುವ ಪಗಾರದ ಮಿತಿ 15,000, ಅದಕ್ಕೆ ಮಾಲೀಕರ ಶೇ. 12ರಂತೆ 1,800, ವಿಮೆ ಶೇ. 0.5ರಂತೆ 75, ಆಡಳಿತ ಶುಲ್ಕ ಶೇ. 0.5ರಂತೆ 75, ಒಟ್ಟು 1,950. ಇಎಸ್‌ಐ ಮಾಲೀಕರ ಪಾಲು ಶೇ. 3.25, ಅಂದರೆ 520. ಬೋನಸ್ ಶೇ. 8.33ರಂತೆ 1,333. ದುಡಿದ 20 ದಿನಕ್ಕೆ ಒಂದು ರಜೆಯ ಲೆಕ್ಕದಲ್ಲಿ ವರ್ಷಕ್ಕೆ 15 ದಿನದ ಪಗಾರ (ತಿಂಗಳಿಗೆ 26 ದಿನ ಎಂದು ಹಿಡಿದು), ತಿಂಗಳಿಗೆ ಹಂಚಿದರೆ 769. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಪಗಾರ, ಅದೂ 769. ಎಲ್ಲ ಸೇರಿ 21,341. ಕೂಲಿಯ ಮೇಲೆ ಮೂರನೇ ಒಂದು ಪಾಲು. ಇದರ ಮೇಲೆ ರಾಷ್ಟ್ರೀಯ ಮತ್ತು ಹಬ್ಬದ ಹತ್ತು ರಜೆಗಳಿಗೆ ಬದಲಿ ಆಳಿನ ಖರ್ಚು, ಸಮವಸ್ತ್ರ, ಆಮೇಲೆ ಸರ್ವಿಸ್ ಚಾರ್ಜ್, ಕೊನೆಗೆ ಶೇ. 18 ಜಿಎಸ್‌ಟಿ. ಪಾಲಿಕೆಯ ನೈರ್ಮಲ್ಯದಂಥ ಕೆಲಸಕ್ಕೆ ಬರೀ ಆಳು ಒದಗಿಸುವ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಉಂಟು, ಆದರೆ ವಿದ್ಯುತ್ ಕಂಪನಿಯಂಥ ಸರಕಾರಿ ಕಂಪನಿಗೆ ಅದೇ ಆಳು ಕೊಟ್ಟರೆ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರ ದರಪಟ್ಟಿ ಎರಡು ಕಡೆಗೂ ಸುಳ್ಳಾಗುತ್ತದೆ.

ಮೇಲಿನ ಲೆಕ್ಕದಲ್ಲಿ ಹೊಸದಾಗಿ ಬಂದು ಕೂತ ಸಾಲು ಗ್ರಾಚ್ಯುಟಿಯದು. ಮೊದಲೆಲ್ಲ ಐದು ವರ್ಷ ಆಗಲಿಲ್ಲ, ಗ್ರಾಚ್ಯುಟಿ ಬೇಡ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ. ಅದೇ ಹೊತ್ತಿಗೆ ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ. ಈಗ ಕನ್ಸಲ್ಟಂಟರು ಕೊಡುವ ಸಿದ್ಧ ನೇಮಕಾತಿ ಪತ್ರ ಓದಿ ನೋಡಿ: ‘ಟೆಂಡರ್ ಅವಧಿಯವರೆಗೆ ಮಾತ್ರ’ ಎಂದು ಬರೆದಿರುತ್ತದೆ. ಗುತ್ತೇದಾರನನ್ನು ಕಾಯಲಿಕ್ಕೆ ಬರೆದ ಈ ಸಾಲೇ ಆತನನ್ನು ನಿಗದಿತ ಅವಧಿಯ ನೇಮಕಾತಿಗೆ ಒಪ್ಪಿಸುತ್ತದೆ. 30 ಜನ, ಎರಡು ವರ್ಷದ ಟೆಂಡರ್, 16,000 ಕೂಲಿ: ಒಬ್ಬರಿಗೆ ವರ್ಷಕ್ಕೆ 9,231ರಂತೆ ಒಟ್ಟು ಸುಮಾರು 5,53,800 ರೂಪಾಯಿ. ದರಪಟ್ಟಿಯಲ್ಲಿ ಈ ಸಾಲು ಇಲ್ಲದೆ ಟೆಂಡರ್ ಹಿಡಿದಿದ್ದರೆ ಈ ರೊಕ್ಕ ಎಲ್ಲಿಂದ ಬರಬೇಕು? ಸರ್ವಿಸ್ ಚಾರ್ಜ್ ಸೊನ್ನೆಗೆ ಹತ್ತಿರ ಹಾಕಿ ಟೆಂಡರ್ ಹಿಡಿಯುವ ಚಟ ಇರುವವರು ಇದನ್ನು ಎರಡು ಸಲ ಓದಬೇಕು.

ಕಾಗದದ ಲೆಕ್ಕ ಸರಿ ಇದ್ದರೂ ಕೈಯಲ್ಲಿ ರೊಕ್ಕ ಇರುವುದು ಬೇರೆ ಮಾತು. ವೇತನ ಸಂಹಿತೆಯ ಪ್ರಕಾರ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬಟವಡೆ ಆಗಬೇಕು. ಪಿಎಫ್, ಇಎಸ್‌ಐ 15ರೊಳಗೆ. ಇಲಾಖೆಯ ಬಿಲ್ ಪಾಸಾಗುವುದಕ್ಕೂ ಈ ತಾರೀಖುಗಳಿಗೂ ಸಂಬಂಧವೇ ಇಲ್ಲ. ಮೇಲಿನ 30 ಜನರಿಗೆ ಪಗಾರ, ಮಾಲೀಕರ ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ 5,54,100 ಹೊರಹೋಗುತ್ತದೆ. ಬಿಲ್ ಮೂರು ತಿಂಗಳು ನಿಂತರೆ 16,62,300 ರೂಪಾಯಿ ಗುತ್ತೇದಾರನ ಕೈಯಿಂದ. ಬಿಲ್ ಬಂದಾಗಲೂ ಆದಾಯ ತೆರಿಗೆ ಶೇ. 1 ಅಥವಾ 2, ಜಿಎಸ್‌ಟಿಯ ಟಿಡಿಎಸ್ ಶೇ. 2 ಹಿಡಿದುಕೊಂಡೇ ಬರುತ್ತದೆ. ‘ಬಿಲ್ ಆಗಿಲ್ಲ, ಪಗಾರ ಮುಂದಿನ ವಾರ’ ಎನ್ನುವುದು ಕಾಯ್ದೆಯಲ್ಲಿ ಉತ್ತರವೇ ಅಲ್ಲ. ಗುತ್ತೇದಾರ ಕೊಡದಿದ್ದರೆ ಮೂಲ ಮಾಲೀಕರು, ಅಂದರೆ ಇಲಾಖೆ, ಕೊಟ್ಟು ಆತನ ಬಿಲ್ಲಿನಿಂದ ಕಡಿದುಕೊಳ್ಳಬೇಕು. ಲೈಸೆನ್ಸ್‌ಗೆ ಇಟ್ಟ ಠೇವಣಿಯಿಂದಲೂ ಕೂಲಿ ಕೊಡಿಸಲು ಸರಕಾರಕ್ಕೆ ಅವಕಾಶವಿದೆ. ಟೆಂಡರ್ ಸೇವೆಯವರಲ್ಲಿ ಈ ನಗದು ಲೆಕ್ಕವನ್ನು ಟೆಂಡರ್‌ಗೆ ಮುಂಚೆ ತೋರಿಸುವವರು ಬೆರಳೆಣಿಕೆಯಷ್ಟು. ಟೆಂಡರ್ ಸಿಕ್ಕರೆ ತಮಗೆ ಫೀ, ಸಿಗದಿದ್ದರೆ ಇಲ್ಲ ಎಂದಾದರೆ ಯಾರು ತಾನೆ ‘ಬ್ಯಾಡ್ರಿ’ ಅಂದಾರು?

ತಡವಾದರೆ ದಂಡ ಎಷ್ಟು ಎಂದು ಕೇಳಿದಾಗ ಬರುವ ಉತ್ತರವೂ ಸೇವೆಯ ಗುಣ ಹೇಳುತ್ತದೆ. ಅದೇ 30 ಜನರ ಒಂದು ತಿಂಗಳ ಪಿಎಫ್, ಕೆಲಸಗಾರರ ಮತ್ತು ಮಾಲೀಕರ ಎರಡೂ ಪಾಲು ಸೇರಿ, ಒಟ್ಟು 1,12,500. ಹದಿನೈದು ದಿನ ತಡವಾದರೆ ವರ್ಷಕ್ಕೆ ಶೇ. 12ರ ಬಡ್ಡಿ ಸುಮಾರು 555. 2024ರ ಜೂನ್‌ನಿಂದ ದಂಡದ ದರ ತಿಂಗಳಿಗೆ ಶೇ. 1 ಆಗಿರುವುದರಿಂದ ಅದೂ ಅಷ್ಟೇ. ಎರಡೂ ಸೇರಿ ಸಾವಿರದ ನೂರು ರೂಪಾಯಿ ಚಿಲ್ಲರೆ. ‘ಅಷ್ಟೇನ್ರಿ, ಬಿಲ್ ಬಂದ ಮೇಲೆ ತುಂಬೂಣು’ ಎನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಪುಟ ಆದಾಯ ತೆರಿಗೆಯದು. ಕೆಲಸಗಾರರ ಪಗಾರದಿಂದ ಹಿಡಿದ ಪಾಲನ್ನು ಆಯಾ ಕಾಯ್ದೆಯ ಗಡುವಿನೊಳಗೆ ತುಂಬದಿದ್ದರೆ ಅದು ಶಾಶ್ವತವಾಗಿ ಖರ್ಚಿನಲ್ಲಿ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಹೇಳಿತ್ತು, 2026ರ ಮಾರ್ಚ್‌ವರೆಗಿನ ಲೆಕ್ಕಕ್ಕೆ ನಡೆದದ್ದು ಅದೇ. ಪಿಎಫ್ 1,800, ಇಎಸ್‌ಐ ಶೇ. 0.75ರಂತೆ 120, ತಲೆಗೆ 1,920. 30 ಜನರಿಗೆ 57,600. ಪಾಲುದಾರಿಕೆ ಸಂಸ್ಥೆಗೆ ಶೇ. 30ರಂತೆ ತೆರಿಗೆಯೇ 17,280, ಸೆಸ್ ಬೇರೆ. 15ರ ಬದಲು 16ಕ್ಕೆ ತುಂಬಿದರೂ ಇದು ತಪ್ಪುತ್ತಿರಲಿಲ್ಲ. ಬ್ಯಾಂಕ್ ಸರ್ವರ್ ಕೈಕೊಡುವುದು 15ನೇ ತಾರೀಖಿನ ಸಂಜೆಯೇ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದ್ದರಿಂದ ಒಳ್ಳೆಯ ಕಚೇರಿಗಳು 10ಕ್ಕೇ ಇಸಿಆರ್ ಸಿದ್ಧ ಮಾಡಿ, 12ರೊಳಗೆ ರೊಕ್ಕ ತುಂಬಿಸುತ್ತವೆ. ಅದಕ್ಕೆ ಹಾಜರಿ ಪಟ್ಟಿ 2ಕ್ಕೆ ಅವರ ಕೈಗೆ ಹೋಗಬೇಕು. ಈ ಶಿಸ್ತು ಗುತ್ತೇದಾರನ ಕಡೆಯಿಂದಲೂ ಬೇಕು, ಎಲ್ಲ ತಪ್ಪನ್ನೂ ಕನ್ಸಲ್ಟಂಟರ ತಲೆಗೆ ಕಟ್ಟುವುದು ನ್ಯಾಯವಲ್ಲ.

ವೇತನದ ಹೊಸ ವ್ಯಾಖ್ಯೆಯ ಬಗ್ಗೆ ಊರಿನಲ್ಲಿ ಗದ್ದಲ ಹೆಚ್ಚು, ತಿಳಿವಳಿಕೆ ಕಡಿಮೆ. ‘ಬೇಸಿಕ್ ಅರ್ಧಕ್ಕೆ ಏರಿಸಲೇಬೇಕು’ ಎಂದು ಹೇಳಿ ಎಲ್ಲರ ಪಗಾರ ಪಟ್ಟಿ ತಿದ್ದಿಸಿ ಪ್ರತ್ಯೇಕ ಫೀ ವಸೂಲು ಮಾಡಿದವರೂ ಇದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ, ರಿಟೇನಿಂಗ್ ಭತ್ಯೆ ಇವು ವೇತನ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್ ಮುಂತಾದ ಹೆಸರಿಸಿದ ಬಾಬುಗಳು ಹೊರಗೆ. ಹೊರಗಿನ ಬಾಬುಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಕೂಡಿಸಿ ಲೆಕ್ಕ ಹಿಡಿಯಬೇಕು. 36,000 ಪಡೆಯುವ ಸೂಪರ್‌ವೈಸರ್‌ಗೆ ಮೂಲ ಮತ್ತು ತುಟ್ಟಿಭತ್ಯೆ 15,000, ಮನೆ ಬಾಡಿಗೆ 12,000, ಪ್ರಯಾಣ 9,000 ಇದ್ದರೆ ಹೊರಗಿನದು 21,000, ಅರ್ಧ 18,000, ಮೀರಿದ್ದು 3,000. ಆತನ ವೇತನ 18,000. ಪಗಾರ ಚೀಟಿಯಲ್ಲಿ ಬೇಸಿಕ್ ಏರಿಸದಿದ್ದರೂ ಗ್ರಾಚ್ಯುಟಿ ವರ್ಷಕ್ಕೆ 8,654ರಿಂದ 10,385ಕ್ಕೆ ಏರುತ್ತದೆ. ಪಿಎಫ್ 15,000 ಮಿತಿಯಲ್ಲೇ ಕಟ್ಟುತ್ತಿದ್ದರೆ ಅಲ್ಲೇ ನಿಲ್ಲುತ್ತದೆ, ಪಿಎಫ್ ಕಾರಣಕ್ಕೆ ಕೈಗೆ ಬರುವ ಪಗಾರವೂ ಕುಗ್ಗುವುದಿಲ್ಲ. ‘ಸ್ಪೆಷಲ್ ಅಲೋವನ್ಸ್’ ಎಂಬ ಹೆಸರಿನಲ್ಲಿ ಬಚ್ಚಿಟ್ಟ ರೊಕ್ಕಕ್ಕೆ ಹೊರಗಿನ ಪಟ್ಟಿಯಲ್ಲಿ ಜಾಗವೇ ಇಲ್ಲ, ಅದು ನೇರವಾಗಿ ವೇತನ. ಕನಿಷ್ಠ ವೇತನದ ಮೇಲೆ ನಡೆಯುವ ಸಫಾಯಿ, ಸೆಕ್ಯುರಿಟಿ ಗುತ್ತಿಗೆಯಲ್ಲಿ ಹೆಚ್ಚಿನ ಪಾಲು ಮೂಲ ಮತ್ತು ತುಟ್ಟಿಭತ್ಯೆಯೇ ಆಗಿರುವುದರಿಂದ ಈ ಅರ್ಧದ ನಿಯಮ ಅಷ್ಟಾಗಿ ತಟ್ಟುವುದೇ ಇಲ್ಲ. ಅಂಥ ಏಜೆನ್ಸಿಯಿಂದ ‘ರೀಸ್ಟ್ರಕ್ಚರಿಂಗ್’ ಫೀ ಕೇಳಿದರೆ ಯಾವ ಸಾಲು ಬದಲಾಗುತ್ತದೆ ತೋರಿಸಿ ಎನ್ನಿ.

ಲೈಸೆನ್ಸ್ ವಿಷಯದಲ್ಲೂ ಅರ್ಧ ಸತ್ಯ ಓಡಾಡುತ್ತಿದೆ. ಗುತ್ತೇದಾರನಿಗೆ ಲೈಸೆನ್ಸ್ ಬೇಕಾಗಲು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ 20 ಜನರ ಮಿತಿ ಇತ್ತು, ಸುರಕ್ಷತೆಯ ಸಂಹಿತೆಯಲ್ಲಿ 50. ‘ನಿಮ್ಮ ಹತ್ರ 35 ಮಂದಿ, ಇನ್ನ ಯಾವ ತಾಪತ್ರಯನೂ ಇಲ್ಲ’ ಎಂಬ ಭರವಸೆಗೆ ಮರುಳಾಗಬೇಡಿ. ಪಿಎಫ್‌ಗೆ 20, ಇಎಸ್‌ಐಗೆ 10, ಗ್ರಾಚ್ಯುಟಿಗೆ 10. ಕನಿಷ್ಠ ವೇತನಕ್ಕೆ ಒಬ್ಬ ಇದ್ದರೂ ಸಾಕು. ಟೆಂಡರ್ ಷರತ್ತಿನಲ್ಲಿ ಲೈಸೆನ್ಸ್ ಕೇಳಿದ್ದರೆ ಸಂಖ್ಯೆ ಎಷ್ಟೇ ಇರಲಿ, ಕೊಡಲೇಬೇಕು. ಫೌಂಡ್ರಿಗಳಿಗೆ ಇನ್ನೊಂದು ಕಡೆ ಬಿಸಿ ತಟ್ಟುತ್ತದೆ: ಮುಖ್ಯ ಉತ್ಪಾದನಾ ಕೆಲಸಕ್ಕೆ ಗುತ್ತಿಗೆ ಆಳು ಹಚ್ಚುವಂತಿಲ್ಲ. ಸ್ವಚ್ಛತೆ, ಕಾವಲು, ಕ್ಯಾಂಟೀನು, ಲೋಡಿಂಗ್ ಇವು ಮುಖ್ಯ ಕೆಲಸವಲ್ಲ. ಆದರೆ ಮೋಲ್ಡಿಂಗ್ ಫೌಂಡ್ರಿಯ ಮುಖ್ಯ ಕೆಲಸ ಅಲ್ಲ ಎಂದು ಯಾರು ವಾದಿಸಬಲ್ಲರು? ಒಮ್ಮೆಲೇ ಆರ್ಡರ್ ಹೆಚ್ಚಿ ಗಡುವಿನೊಳಗೆ ಮುಗಿಸಬೇಕಾದಾಗ, ಅಥವಾ ಆ ಕೆಲಸ ಸಾಮಾನ್ಯವಾಗಿ ಗುತ್ತೇದಾರರ ಮೂಲಕವೇ ನಡೆಯುವ ಬಗೆಯದಾಗಿದ್ದಾಗ ವಿನಾಯಿತಿ ಇದೆ. ಅದನ್ನು ಕಾಗದದಲ್ಲಿ ಹೇಗೆ ತೋರಿಸುತ್ತೀರಿ ಎಂದು ಕೇಳಿ ಫೀ ಮಾತಾಡಿ.

ಸಣ್ಣ ಬಾಬುಗಳಲ್ಲಿ ಕಣ್ತಪ್ಪುವುದು ಎರಡು. ವೃತ್ತಿ ತೆರಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಪಗಾರದವರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಕಾರ್ಮಿಕ ಕಲ್ಯಾಣ ನಿಧಿಗೆ ಮೊದಲು ಕೆಲಸಗಾರ 20, ಮಾಲೀಕ 40 ಇದ್ದದ್ದು ಈಗ 50 ಮತ್ತು 100. ಜನವರಿ 15ರೊಳಗೆ ತುಂಬಬೇಕು. ಹಳೆಯ ಎಕ್ಸೆಲ್ ಕಾಪಿ ಮಾಡುವ ಕಚೇರಿಗಳಲ್ಲಿ ಇವೆರಡೂ ಹಳೆಯ ದರದಲ್ಲೇ ಕೂತಿರುತ್ತವೆ.

ವರ್ಷದಲ್ಲಿ ಸೇವೆಯ ನಿಜವಾದ ಪರೀಕ್ಷೆ ಮಾರ್ಚ್ 31 ಮತ್ತು ಏಪ್ರಿಲ್ 1ರ ನಡುವಿನ ರಾತ್ರಿ. ಏಪ್ರಿಲ್ 1ಕ್ಕೆ ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತದೆ. ಅಂದೇ ಇಎಸ್‌ಐಯ ಹೊಸ ವಂತಿಗೆ ಅವಧಿ ಶುರು. ಹೊಸ ದರದಿಂದ ಯಾರು ಇಎಸ್‌ಐಯ 21,000 ಪಗಾರದ ಗೆರೆ ದಾಟಿದರು ಎಂದು ನೋಡಬೇಕಾದದ್ದು ಆಗಲೇ. ನಡು ಅವಧಿಯಲ್ಲಿ ದಾಟಿದವರನ್ನು ಸೆಪ್ಟೆಂಬರ್‌ವರೆಗೆ ಕೈಬಿಡುವಂತಿಲ್ಲ. ಅನೇಕ ಇಲಾಖೆಗಳ ಟೆಂಡರ್ ಮುಗಿದು ಹೊಸ ಏಜೆನ್ಸಿ ಬರುವುದೂ ಅಂದೇ, ಆಳುಗಳು ಮಾತ್ರ ಅವರೇ. ಹಳೆಯ ಏಜೆನ್ಸಿ ಕೊನೆಯ ಪಗಾರವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. 7ನೇ ತಾರೀಖಿನ ಮಾತು ಬಿಟ್ಟು ಹೋಗುವವರಿಗೆ ಅನ್ವಯಿಸುವುದಿಲ್ಲ. ಗ್ರಾಚ್ಯುಟಿಗೆ 30 ದಿನ. ಪಿಎಫ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಬಿಟ್ಟ ದಿನಾಂಕ ಮಾರ್ಚ್ 31 ಎಂದು ಹಾಕಬೇಕು. ಚಲನ್ ಸೇವೆಯವರಿಗೆ ಏಪ್ರಿಲ್‌ನಿಂದ ಆ ಏಜೆನ್ಸಿಯ ಫೀ ನಿಂತಿರುತ್ತದೆ, ಆದ್ದರಿಂದ ಈ ಕೊನೆಯ ಕೆಲಸ ಯಾರಿಗೂ ಬೇಡ. ಬಿಟ್ಟ ದಿನಾಂಕ ಇಲ್ಲದೆ ಹೊಸ ಏಜೆನ್ಸಿಯಲ್ಲಿ ಸೇರಿದ ದಿನಾಂಕ ಬಿದ್ದರೆ ಒಬ್ಬನೇ ಮನುಷ್ಯ ಎರಡು ಕಡೆ ಕೆಲಸಕ್ಕಿದ್ದಂತೆ ಕಾಣುತ್ತದೆ, ಹಳೆಯ ಖಾತೆಯ ಹಣ ಹೊಸದಕ್ಕೆ ಹೋಗುವುದು ನಿಲ್ಲುತ್ತದೆ. ಒಪ್ಪಂದ ಮಾಡಿಕೊಳ್ಳುವಾಗಲೇ ‘ಟೆಂಡರ್ ಮುಗಿದ ಮೇಲಿನ ಒಂದು ತಿಂಗಳ ಕೆಲಸವೂ ಸೇರಿ’ ಎಂದು ಬರೆಸಿಕೊಳ್ಳಿ, ಬೇಕಾದರೆ ಅದಕ್ಕೆ ಬೇರೆ ಫೀ ಕೊಡಿ.

ಹಾಗಾದರೆ ತೀರ್ಪು? ಹತ್ತು-ಹದಿನೈದು ಸ್ಥಿರ ಕೆಲಸಗಾರರಿರುವ ಅಂಗಡಿ, ವರ್ಕ್‌ಶಾಪ್‌ಗೆ ಚಲನ್ ಸೇವೆ ಸಾಕು, ತಿಂಗಳಿಗೊಮ್ಮೆ ಹತ್ತನೇ ಕಾಲಂ ನೋಡಿಕೊಂಡರೆ ಆಯಿತು. ಟೆಂಡರ್ ಸೇವೆಯನ್ನು ಕಾಗದ ಜೋಡಿಸಲಷ್ಟೇ ಕೊಳ್ಳಿ, ದರಪಟ್ಟಿಯನ್ನು ಅವರ ಕೈಗೆ ಬಿಡಬೇಡಿ. ಸರಕಾರಿ ಕಚೇರಿಗೆ ಆಳು ಕೊಡುವವರು, 30-40 ಜನ ಬಂದು ಹೋಗುತ್ತಿರುವವರು ಮಸ್ಟರ್ ಓದುವ ಸೇವೆಗೇ ಹೋಗಬೇಕು, ಫೀ ಎರಡು ಪಟ್ಟಾದರೂ ಸರಿ. ರೆಡಿಮೇಡ್ ಪೇರೋಲ್ ಸಾಫ್ಟ್‌ವೇರ್ ಕೊಂಡು ಸ್ವತಃ ಮಾಡಿಕೊಳ್ಳುವುದೂ ಆಗದ ಕೆಲಸವಲ್ಲ, ಆದರೆ 8ರಿಂದ 12ನೇ ತಾರೀಖಿನವರೆಗೆ ಒಬ್ಬರು ಕಂಪ್ಯೂಟರ್ ಬಿಟ್ಟು ಏಳದಿರಬೇಕು.

ಯಾರ ಬಳಿ ಹೋದರೂ ಮೊದಲ ದಿನ ಮಾಡಬೇಕಾದ ಕೆಲಸ ಒಂದಿದೆ. ಪಿಎಫ್ ಮತ್ತು ಇಎಸ್‌ಐ ಪೋರ್ಟಲ್‌ನ ಪ್ರೊಫೈಲ್ ತೆರೆಸಿ, ಅಲ್ಲಿ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಇದೆ ನೋಡಿ. ನೋಂದಣಿ ಮಾಡಿಸುವಾಗ ‘ಒಟಿಪಿ ತ್ರಾಸ ಬ್ಯಾಡ’ ಎಂದು ಕನ್ಸಲ್ಟಂಟರು ತಮ್ಮದೇ ನಂಬರ್ ಹಾಕಿಕೊಂಡಿರುವುದು ಸಾಮಾನ್ಯ. ಅವರನ್ನು ಬಿಡಬೇಕೆಂದ ದಿನ ಬಾಕಿ ಫೀಗಾಗಿ ಒಟಿಪಿ ಬರುವುದು ನಿಲ್ಲುತ್ತದೆ, ಆ ದಿನ 14 ಆಗಿದ್ದರೆ ಗತಿ ನೀವೇ ಊಹಿಸಿ. ನಿಮ್ಮ ನಂಬರ್, ನಿಮ್ಮ ಇಮೇಲ್ ಹಾಕಿಸಿ. ಡಿಜಿಟಲ್ ಸಹಿಯ ಟೋಕನ್ ನಿಮ್ಮ ಕಪಾಟಿನಲ್ಲಿರಲಿ. ಪ್ರತಿ ತಿಂಗಳ ಇಸಿಆರ್‌ನ ಮೂಲ ಫೈಲನ್ನೂ ಇಎಸ್‌ಐ ರಿಟರ್ನ್‌ನಲ್ಲಿ ತುಂಬಿದ ದಿನಗಳ ಪಟ್ಟಿಯನ್ನೂ ಚಲನ್ ಪಿಡಿಎಫ್ ಜೊತೆಗೇ ತರಿಸಿಕೊಳ್ಳಿ, ಯಾಕೆಂದರೆ ಪಿಡಿಎಫ್‌ನಲ್ಲಿ ಒಟ್ಟು ಮೊತ್ತ ಮಾತ್ರ ಕಾಣುತ್ತದೆ, ಹನ್ನೆರಡು ದಿನದ ಸುಳ್ಳು ಕಾಣುವುದಿಲ್ಲ.